ಪೂರ್ತಿ ಆರಿಸಲಾಗಿದೆ

…ಅದನ್ನೇ ಹೇಳುತ್ತಿದ್ದೇನೆ, ಮಿಸ್ಟರ್ ನುಫಾಬ್ಲೆ. ನಮ್ಮ ಹಾರೊ ಪೇಟೆಯಲ್ಲಿ ಮೊಂಟೆಕ್ಲಾರೊ ಮನೆಯವರ ಸಹಿಯನ್ನು ಯಾರೂ ಎರಡನೇ ಸಲ ನೋಡಿದವರಿಲ್ಲ. ಯಾರೂ. ನಾನು ಹುಟ್ಟಿದ್ದೂ ಆ ಮನೆಯಲ್ಲಿ, ಮದುವೆಯಾಗಿ ಹೋದದ್ದೂ ಅದೇ ಮನೆಯ ಮೂರನೇ ಕವಲಿಗೆ. ಹೆಸರು ಬದಲಾಯಿಸುವ ಕಷ್ಟ ಬರಲಿಲ್ಲ. ನನ್ನ ತಾತ ಡಾಕ್ಟರ್. ಯುದ್ಧಕ್ಕೆ ಮುಂಚೆ ಈ ಇಲೋಯಿಲೋ ಪಟ್ಟಣದಲ್ಲಿ ಹುಟ್ಟಿದ ಅರ್ಧ ಮಕ್ಕಳ ಜನನಪತ್ರದ ಕೆಳಗೆ ಇದ್ದದ್ದು ಅವರ ಸಹಿ. ಜಪಾನಿನವರು ಬಂದಾಗ ಅವರ ಅಧಿಕಾರಿಯೊಬ್ಬ ಔಷಧಿ ಕೋಣೆಯ ಕೀಲಿ ಕೇಳಿದ. ತಾತ, ಕೊಡುತ್ತೇನೆ, ರಸೀದಿ ಬರೆದುಕೊಡು ಅಂದರು. ಕತ್ತಿ ಸೊಂಟಕ್ಕೆ ಕಟ್ಟಿಕೊಂಡು ನಿಂತವನು, ಕೂತು ರಸೀದಿ ಬರೆದುಕೊಟ್ಟ. ಆ ರಸೀದಿ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಇವತ್ತಿಗೂ ಇದೆ. ಅಜ್ಜಿ ಒಂದು ವರ್ಷ ಊರಿನ ಕಾಂಡೆಲಾರಿಯಾ ಹಬ್ಬಕ್ಕೆ ಆಯ್ಕೆಯಾದ ರಾಣಿ. ತಾಯಿಯೂ ರಾಣಿ. ನಾನು ಆಗಲಿಲ್ಲ, ಅದು ಬೇರೆ ವಿಷಯ… ಆ ವರ್ಷ ನಮ್ಮ ಸಕ್ಕರೆಯ ಬೆಲೆ ಬಿದ್ದಿತ್ತು, ರಾಣಿಯ ಖರ್ಚೆಲ್ಲ ಮನೆಯವರದು.

ನಗುತ್ತಿದ್ದೀರಾ? ಇಲ್ಲವೇ. ಸರಿ. ನಗುವ ಮಾತಲ್ಲ ಅದು.

ಕೂತುಕೊಳ್ಳಿ. ಆ ಸ್ಟೂಲಿನ ಮೇಲಲ್ಲ, ಅದು ಬೈಸಿಕೊಳ್ಳಲು ಬರುವ ಹುಡುಗಿಯರದು. ಕುರ್ಚಿ ಎಳೆದುಕೊಳ್ಳಿ. ನೆಲಕ್ಕೆ ಕರಕರ ಅನ್ನಿಸದೆ.

ಈಗ ಒಂಬತ್ತೂ ಇಪ್ಪತ್ತು. ಹತ್ತಕ್ಕೆ ಈ ಕಾಲೇಜು ನಡೆಸುವ ಸಿಸ್ಟರ್ ಬೆನಿಗ್ನಾ ಅವರ ಕೋಣೆಯಲ್ಲಿ ನಿಮ್ಮ ವಿಚಾರಣೆ. ನಾನು ಬರೆದ ದೂರು ಅವರ ಮೇಜಿನ ಮೇಲಿದೆ. ಹತ್ತೊಂಬತ್ತು ವರ್ಷ ಈ ನರ್ಸಿಂಗ್ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಂಡವರು ಇವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸವಿಲ್ಲದವರಾಗಬಹುದು. ಅದರಿಂದ ನನಗೆ ಖುಷಿಯೇನೂ ಇಲ್ಲ. ಅದಕ್ಕೇ ಕರೆಸಿದೆ. ಒಳಗೆ ಹೋಗುವ ಮುಂಚೆ ನೀವಾಗಿಯೇ ತಪ್ಪು ಒಪ್ಪಿಕೊಂಡರೆ ನಾನೂ ಸ್ವಲ್ಪ ಮೃದುವಾಗಿ ಮಾತಾಡಬಹುದು. ನಾನೇನು ರಾಕ್ಷಸಿಯಲ್ಲ.

ಮಾತಾಡುವುದಿಲ್ಲವೇ? ನೀವು ಮಿಯಾಗಾವ್ ಕಡೆಯವರಲ್ಲವೇ. ಹೆಸರು ಹೇಳಿದರೇ ಗೊತ್ತಾಗುತ್ತದೆ, ಆ ಊರಲ್ಲಿ ಅರ್ಧ ಜನರ ಮನೆಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತದೆ. ಆ ಕಡೆಯವರು ಬಾಯಿ ಬಿಡುವುದು ಕಡಿಮೆ ಅಂತ ಕೇಳಿದ್ದೆ. ಇಷ್ಟು ಕಡಿಮೆ ಅಂತ ಗೊತ್ತಿರಲಿಲ್ಲ.

ಹಾಗಾದರೆ ನಾನೇ ಹೇಳುತ್ತೇನೆ, ನೀವು ಕೇಳಿ.

ಮೂವತ್ತೆಂಟು ಹುಡುಗಿಯರು. ಒಬ್ಬೊಬ್ಬಳೂ ಐದು ಹೆರಿಗೆ ಮಾಡಿಸಿರಬೇಕು, ಐದಕ್ಕೆ ನೆರವಾಗಿರಬೇಕು, ಐದು ಕೂಸಿನ ಹೊಕ್ಕುಳಬಳ್ಳಿ ಕಟ್ಟಿರಬೇಕು. ಯಾವ ದಿನ, ಯಾವ ಆಸ್ಪತ್ರೆ, ಯಾವ ಸೂಲಗಿತ್ತಿ ನೋಡಿ ಸಹಿ ಹಾಕಿದಳು, ಎಲ್ಲ ದಾಖಲಾಗಬೇಕು. ದಾಖಲೆ ಈ ಶುಕ್ರವಾರದೊಳಗೆ ಮನಿಲಾ ತಲುಪಿದರೆ ನರ್ಸಿಂಗ್ ಪರೀಕ್ಷೆ. ತಲುಪದಿದ್ದರೆ ಆರು ತಿಂಗಳು ಮನೆಯಲ್ಲಿ ಕೂತಿರಬೇಕು. ಜೂನ್‌ನಿಂದ ಇಲ್ಲಿಯವರೆಗಿನ ದಾಖಲೆಯನ್ನು ನಾನೇ, ಈ ಕೈಯಲ್ಲೇ, ಒಂದೊಂದು ಚೀಟಿ ನೋಡಿ ಟೈಪು ಮಾಡಿದ್ದೆ. ಗಿಮಾರಾಸ್ ದ್ವೀಪದ ಆ ಮೆರ್ಲಿ ಇದ್ದಾಳಲ್ಲ, ದೋಣಿಯಲ್ಲಿ ಬರುವವಳು, ಅವಳ ಚೀಟಿಗಳು ಯಾವಾಗಲೂ ಉಪ್ಪುನೀರಿಗೆ ನೆನೆದು ಮುದ್ದೆಯಾಗಿರುತ್ತಿದ್ದವು. ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒಣಗಿಸಿ ಓದಿದ್ದೇನೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಜೂನ್ ಮೂರನೇ ತಾರೀಖಿನ ಆಚೆ ಒಂದು ಸಾಲೂ ಇಲ್ಲ. ಖಾಲಿ. ಹೊಸ ದಿಂಬಿನ ಚೀಲದ ಹಾಗೆ.

ಚೀಟಿಗಳೇ? ಚೀಟಿಗಳು ಎಲ್ಲಿ ಅಂತ ನೀವೂ ಕೇಳಬೇಡಿ. ಟೈಪು ಮಾಡಿದ ಮೇಲೆ ಶನಿವಾರ ಶನಿವಾರ ಹಿತ್ತಲಿನ ಡ್ರಮ್ಮಿನಲ್ಲಿ ಮಾವಿನ ಎಲೆಯ ಜೊತೆ ಸುಡಿಸುತ್ತೇನೆ. ನನಗೆ ಕಾಗದ ರಾಶಿ ಬೀಳುವುದು ಆಗದು. ಗೆದ್ದಲು ಬರುತ್ತದೆ. ಆಸ್ಪತ್ರೆಗಳ ಪುಸ್ತಕ ನೋಡಿ ಮತ್ತೆ ಬರೆಸಿಕೊಳ್ಳಬಹುದು ಅಂದಳು ಒಬ್ಬಳು. ಬರೆಸಿಕೊಳ್ಳಲಿ. ಸಹಿ ಹಾಕಿದ ಸೂಲಗಿತ್ತಿಯರಲ್ಲಿ ಇಬ್ಬರು ಆಗಲೇ ಸೌದಿಗೆ ಹೋಗಿದ್ದಾರೆ. ಶುಕ್ರವಾರದೊಳಗೆ ಸೌದಿಗೆ ಯಾರು ಹೋಗಿ ಬರುತ್ತಾರೆ?

ಇಷ್ಟಕ್ಕೆಲ್ಲ ಕಾರಣ ಏನು? ನೀವು ಹೋದ ಶನಿವಾರ ಮಾಡಿದ ಕೆಲಸ.

ನನಗೆ ನಿಮ್ಮ ವಿದ್ಯೆ ಗೊತ್ತಿಲ್ಲ, ಒಪ್ಪುತ್ತೇನೆ. ಆದರೆ ಕಿವಿ ಇದೆ. ಆ ಸರ್ವರಿನಲ್ಲಿ ಇರುವುದು ಲಿನಕ್ಸು, ಅದರಲ್ಲೂ ಸ್ಥಿರ ಆವೃತ್ತಿ, ವರ್ಷಗಟ್ಟಲೆ ಏನೂ ಅಲುಗಾಡುವುದಿಲ್ಲ, ಅದಕ್ಕೇ ಅದನ್ನು ಹಾಕಿದೆ ಅಂತ ಹೇಳಿದ್ದು ನೀವು. ನನ್ನ ದಾಖಲೆ ಪ್ರೋಗ್ರಾಮು ಹಳೆಯದು, ಈಗಿನ ಕಂಪ್ಯೂಟರುಗಳಲ್ಲಿ ಓಡುವುದಿಲ್ಲ ಅಂತ ಸರ್ವರಿನ ಹೊಟ್ಟೆಯೊಳಗೆ ಇನ್ನೊಂದು ಹಳೆಯ ಕಂಪ್ಯೂಟರ್ ಇರುವ ಹಾಗೆ ಮಾಡಿಕೊಟ್ಟವರೂ ನೀವು. ವರ್ಚುವಲ್ ಮಷೀನು. ಇಲ್ಲದ್ದನ್ನು ಇದೆ ಅನ್ನಿಸುವ ತಂತ್ರಾಂಶ. ಏಳು ವರ್ಷ ಅದು ಒಂದು ದಿನ ಕೆಮ್ಮಲಿಲ್ಲ. ಇಷ್ಟಿದ್ದ ಮೇಲೆ ಆ ತಂತ್ರಾಂಶವನ್ನು ಹೊಸದಕ್ಕೆ ಬದಲಾಯಿಸುವ ಚಪಲ ಯಾಕೆ ಬಂತು? ನೀವೇ ಅಲ್ಲವೇ ಹೇಳಿದ್ದು, "ಮನೆ ಅದೇ ಇರತ್ತೆ ಮ್ಯಾಮ್, ಒಂದು ಬಾಗಿಲು ಮಾತ್ರ ಬದಲಾಯಿಸ್ತೀನಿ" ಅಂತ?

ಬದಲಾಯಿಸಿದಿರಿ. ಈಗ ಮನೆಯೊಳಗೆ ಸಾಮಾನಿಲ್ಲ.

ಏನು? ಹಳೆಯದಕ್ಕೆ ರಿಪೇರಿ ಬರುವುದು ನಿಂತುಹೋಗಿತ್ತು, ಹೌದು, ಅದನ್ನು ಸಭೆಯಲ್ಲಿ ಹೇಳಿದಿರಿ. ಕಳ್ಳರು ನುಗ್ಗುತ್ತಾರೆ ಅಂದಿರಿ. ಯಾವ ಕಳ್ಳನಿಗೆ ಬೇಕಾಗಿತ್ತು ಮೂವತ್ತೆಂಟು ಹುಡುಗಿಯರ ಹೊಕ್ಕುಳಬಳ್ಳಿಯ ಲೆಕ್ಕ? ಮೂರು ವರ್ಷ ಮುಂದೂಡಿದ್ದೆ, ಇನ್ನು ಆಗುವುದಿಲ್ಲ ಅಂದಿರಿ. ಅದನ್ನೂ ಕೇಳಿಸಿಕೊಂಡೆ. ನಾನೇನು ಅಡ್ಡ ಬಂದೆನೇ? ಇಂಥ ವರ್ಚುವಲ್ ಯಂತ್ರ ಇಟ್ಟುಕೊಂಡ ಎಲ್ಲರಿಗೂ ಒಂದು ಹಾಳೆ ಹಂಚಿದಿರಿ. ನಿದ್ದೆಯಲ್ಲಿರುವ ಯಂತ್ರವನ್ನು ಎಬ್ಬಿಸಿ, ಕೆಲಸ ಉಳಿಸಿ, ಆಮೇಲೆ ಯಂತ್ರವನ್ನು ಪೂರ್ತಿ ಆರಿಸಿ, ಸಹಿ ಮಾಡಿ. ಗ್ರಂಥಾಲಯದವರು ಮಾಡಿದರು. ಫೀಸು ಕಟ್ಟಿಸಿಕೊಳ್ಳುವವರು ಮಾಡಿದರು. ನಾನೂ ಮಾಡಿದೆ. ಹೋದ ಶುಕ್ರವಾರ ನಾಲ್ಕು ಗಂಟೆಗೆ. 'ಪೂರ್ತಿ ಆರಿಸಲಾಗಿದೆ' ಅನ್ನುವುದರ ಎದುರಿಗೆ, ನೀಲಿ ಶಾಯಿಯಲ್ಲಿ, ಪೂರ್ತಿ ಹೆಸರು ಬರೆದು. ಉಳಿದವರ ಹಾಗೆ ಕೋಳಿ ಕೆದರಿದ ಹಾಗೆ ಗೀಚಲಿಲ್ಲ.

ಮತ್ತೆ ನೀವು ಮೇಲೆ ಬಂದಿರಿ. ಅದೂ ನೆನಪಿದೆ. ಬಾಗಿಲಲ್ಲಿ ನಿಂತು, "ಮ್ಯಾಮ್, ಒಂದ್ಸಲ ನೋಡ್ಲಾ? ನಿಮ್ಮದು ನಿಮ್ಮ ಖಾತೆಯಲ್ಲಿದೆ, ನನಗೆ ಕೆಳಗಿಂದ ಕಾಣಲ್ಲ" ಅಂದಿರಿ. ನಾನು ಏನಂದೆ? ನನ್ನ ಸಹಿ ಕಾಣಿಸಲಿಲ್ಲವೇ ಅಂದೆ. ಅಷ್ಟೇ. ತಪ್ಪೇನು ಅದರಲ್ಲಿ? ನೀವೇ "ಸಾರಿ ಮ್ಯಾಮ್" ಅಂತ ಮೆಟ್ಟಿಲಿಳಿದು ಹೋದಿರಿ.

ನೋಡಬೇಕು ಅನ್ನಿಸಿದ್ದರೆ ನೋಡಬೇಕಾಗಿತ್ತು. ಬಾಗಿಲಲ್ಲಿ ಹೆಂಗಸೊಬ್ಬಳು ಬೇಡ ಅಂದರೆ ಕೆಲಸ ಬಿಟ್ಟುಹೋಗುವುದೇ?

ಯಾಕೆ ಹಾಗೆ ನೋಡುತ್ತೀರಿ?

ಸರಿ. ಈ ಬಿಸ್ಕೋಚೊ ರಸ್ಕು ತಗೊಳ್ಳಿ. ತಟ್ಟೆ ಹತ್ತಿರ ಇಟ್ಟುಕೊಳ್ಳಿ, ಪುಡಿ ಉದುರುತ್ತದೆ. ಬೇಡವೇ? ನಿಮ್ಮಿಷ್ಟ.

ಮಿಸ್ಟರ್ ನುಫಾಬ್ಲೆ, ನಾನು ನಿಮ್ಮನ್ನು ಕರೆಸಿದ್ದು ಬರೀ ಬೈಯಲು ಅಲ್ಲ. ಒಂದು ಮಾತು ಕೇಳಬೇಕಿತ್ತು. ಗ್ರಂಥಾಲಯದವರು ನಿನ್ನೆ ಊಟದ ಮೇಜಿನಲ್ಲಿ ಹೇಳುತ್ತಿದ್ದರು, ಹಳೆಯ ತಂತ್ರಾಂಶ ಮಲಗಿಸಿದ ಯಂತ್ರವನ್ನು ಹೊಸದು ಎಬ್ಬಿಸಲಾರದಂತೆ, ಆದರೆ ಹಳೆಯದನ್ನೇ ಬೇರೊಂದು ಕಡೆ ಮತ್ತೆ ಹಾಕಿ ಎಬ್ಬಿಸಿದರೆ ಎದ್ದು ಕೂರುತ್ತದಂತೆ. ಮಲಗಿದ ಕ್ಷಣದಲ್ಲಿ ಹೇಗಿತ್ತೋ ಹಾಗೇ. ನಿಜವೇ? ಹಾಗಿದ್ದರೆ ಇವತ್ತು, ಈಗ, ಹತ್ತಕ್ಕೆ ಮುಂಚೆ ನೀವು… ಹುಡುಗಿಯರಿಗಾಗಿ ಕೇಳುತ್ತಿದ್ದೇನೆ. ನನಗಾಗಿ ಅಲ್ಲ. ಹಳೆಯದನ್ನು ಹಾಕಿ, ನನ್ನದನ್ನು ಎಬ್ಬಿಸಿಬಿಟ್ಟರೆ…

ಏನು? ಯಾಕೆ ತಲೆ ಎತ್ತಿದಿರಿ?

ನಾನೇನಂದೆ?

ಎಬ್ಬಿಸುವುದು ಅಂದೆ. ಹೌದು, ಅಂದೆ. ಆರಿಸಿದ ಯಂತ್ರವನ್ನು ಯಾರೂ ಎಬ್ಬಿಸುವುದಿಲ್ಲ, ಗೊತ್ತು. ಮಾತಿಗೆ ಅಂದೆ. ಮಾತಿನಲ್ಲಿ ಒಂದು ಪದ ಆಚೀಚೆ ಆದರೆ ಅದನ್ನೇ ಹಿಡಿದುಕೊಳ್ಳುವುದು ವಕೀಲರ ಬುದ್ಧಿ, ನಿಮಗೆ ಶೋಭಿಸುವುದಿಲ್ಲ.



ನೋಡಿ, ಆ ನಿದ್ದೆ ಕಲಿಸಿದವರು ನೀವೇ. ಅದನ್ನು ನಾನು ಸಿಸ್ಟರ್ ಅವರ ಮುಂದೆ ಹೇಳುತ್ತೇನೆ. ದಿನಕ್ಕೆರಡು ಸಲ ಕರೆಂಟು ಹೋಗುವ ಊರು ಇದು, ಮ್ಯಾಮ್, ಸಂಜೆ ಮೂಲೆಯ ಗುಣಿಸುವ ಚಿಹ್ನೆ ಒತ್ತಿ, 'ಮಲಗಿಸು' ಅನ್ನುವುದನ್ನು ಒತ್ತಿ, ಬೆಳಿಗ್ಗೆ ಅಲ್ಲಿಂದಲೇ ಶುರುಮಾಡಬಹುದು ಅಂತ ತೋರಿಸಿಕೊಟ್ಟಿರಿ. ಎಷ್ಟು ಚೆನ್ನಾಗಿತ್ತು ಗೊತ್ತೇ ಅದು? ಕಾನ್ವೆಂಟಿನಲ್ಲಿ ಕಸೂತಿ ಹಾಕುತ್ತಿದ್ದಾಗ, ಗಂಟೆ ಹೊಡೆದರೆ ಸೂಜಿಯನ್ನು ಬಟ್ಟೆಗೇ ಚುಚ್ಚಿ ಎದ್ದು ಹೋಗುತ್ತಿದ್ದೆವು. ಮರುದಿನ ಸೂಜಿ ಅಲ್ಲೇ, ದಾರ ಅಲ್ಲೇ. ಹಾಗೆಯೇ. ಹಿಂದಿನ ಸಂಜೆ ಅರ್ಧ ಬರೆದ ಹೆಸರಿನ ಕೊನೆಯಲ್ಲಿ ಆ ಸಣ್ಣ ಗೆರೆ ಮಿಣುಕುತ್ತಾ ನನಗಾಗಿ ಕಾದಿರುತ್ತಿತ್ತು. ಆ ಸಂಜೆಯ ಹೊತ್ತು 'ಉಳಿಸು' ಅಂತ ಯಾಕೆ ಒತ್ತಬೇಕು? ಎಲ್ಲ ಅಲ್ಲೇ ಇರುತ್ತಿತ್ತಲ್ಲ. ಅದನ್ನು ಒತ್ತಿದರೆ ಪ್ರೋಗ್ರಾಮು, ಇದು ಅಂತಿಮವೇ ಅಂತ ಕೇಳುತ್ತದೆ. ಅಂತಿಮ ಅಂತ ಹೇಳಿದರೆ ಆಮೇಲೆ ತಿದ್ದುವ ಹಾಗಿಲ್ಲ. ಮೂವತ್ತೆಂಟೂ ಜನರದು ಮುಗಿಯಲಿ, ಒಂದೇ ಸಲ ಪರಿಶೀಲಿಸಿ ಒತ್ತೋಣ ಅಂತ ಇಟ್ಟುಕೊಂಡಿದ್ದೆ. ಅಚ್ಚುಕಟ್ಟಾಗಿ ಮಾಡಬೇಕು ಅಂತಲೇ ಇಟ್ಟುಕೊಂಡದ್ದು.

ಶುಕ್ರವಾರವೂ… ಶುಕ್ರವಾರ…

ಆ ಜೇಬಿನಿಂದ ಏನು ತೆಗೆಯುತ್ತಿದ್ದೀರಿ? ಕೊಡಿ. ಕನ್ನಡಕ ಎಲ್ಲಿ… ಇರಲಿ, ಸಿಕ್ಕಿತು. ಇದೇನಿದು, ಅಂಕಿಗಳು. ಸರ್ವರೇ ಬರೆದಿಟ್ಟುಕೊಳ್ಳುವ ದಿನಚರಿಯೇ? ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆಯೇ ಅದು? ಯಾರು ಏನು ಒತ್ತಿದರು ಅನ್ನುವುದನ್ನೂ?

ಸೋಮವಾರ. ಬೆಳಿಗ್ಗೆ ಏಳು ಐವತ್ತೆರಡು. ನನ್ನ ಖಾತೆ. ನಿದ್ದೆಯ ಸ್ಥಿತಿ… ತ್ಯಜಿಸಲಾಗಿದೆ.

ನೀವು ಎಷ್ಟು ಹೊತ್ತಿಗೆ ಬಂದದ್ದು ಸೋಮವಾರ?

ಎಂಟೂ ಹತ್ತು. ಹೌದು. ಕೈಯಲ್ಲಿ ಊಟದ ಡಬ್ಬಿ ಇತ್ತು.

ಆ ಫ್ಯಾನು ಸ್ವಲ್ಪ ಜೋರು ಮಾಡುತ್ತೀರಾ. ಬೇಡ, ಬಿಡಿ, ಕೂತುಕೊಳ್ಳಿ.

ನಾನು ಏಳೂವರೆಗೆ ಬರುತ್ತೇನೆ, ನಿಮಗೆ ಗೊತ್ತು. ಸೋಮವಾರವೂ ಬಂದೆ. ಯಂತ್ರ ತೆರೆದೆ. ಒಂದು ಚೌಕ ಬಂತು. ಈ ನಿದ್ದೆ ಹಳೆಯ ತಂತ್ರಾಂಶದ್ದು, ಎಬ್ಬಿಸಲಾಗುವುದಿಲ್ಲ ಅಂತ ಏನೋ ಬರೆದಿತ್ತು. ಕೆಳಗೆ ಎರಡು ಗುಂಡಿ. ಒಂದು, ಹಾಗೇ ಬಿಡು. ಇನ್ನೊಂದು, ತ್ಯಜಿಸು. ನಾನು ಇಪ್ಪತ್ತು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ನಿಮ್ಮನ್ನು ಕಾಯಬಹುದಿತ್ತು. ಕಾದರೆ ನೀವು ಬಂದು ಆ ಚೌಕ ನೋಡುತ್ತಿದ್ದಿರಿ. ನೋಡಿದರೆ ಗೊತ್ತಾಗುತ್ತಿತ್ತು, ಶುಕ್ರವಾರ ನಾನು… ಆ ಚೌಕ ಅಲ್ಲಿ ಇರಬಾರದಾಗಿತ್ತು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅದು ಹೋಗಲಿ ಅಂತ ಒತ್ತಿದೆ. ನಿದ್ದೆಯನ್ನು ತ್ಯಜಿಸುವುದು ಅಂದರೆ ಎಚ್ಚರವಾಗುವುದು ಅಂತಲೂ ಆಗಬಹುದಲ್ಲ? ಹಾಗೂ ಅಂದುಕೊಂಡೆ. ಇಲ್ಲ, ಅಂದುಕೊಳ್ಳಲಿಲ್ಲ. ಅದು ಆಮೇಲೆ ಹೊಳೆದದ್ದು.

ಹಾಗೇ ಬಿಟ್ಟಿದ್ದರೆ? ಬಿಟ್ಟಿದ್ದರೆ ನೀವು ಎಬ್ಬಿಸುತ್ತಿದ್ದಿರಾ?

ತಲೆಯಾಡಿಸಬೇಡಿ. ಬಾಯಲ್ಲಿ ಹೇಳಿ. ಇಲ್ಲ, ಬಾಯಲ್ಲೂ ಹೇಳಬೇಡಿ.

ನೀವಾದರೂ ಒಂದು ನಕಲು ಇಟ್ಟುಕೊಳ್ಳಬಹುದಿತ್ತಲ್ಲ? ಇಟ್ಟಿದ್ದೆ ಅಂದಿರಿ, ಡಿಸ್ಕಿನ ನಕಲು, 'ಉಳಿಸು' ಒತ್ತಿದ್ದು ಮಾತ್ರ ಅದರಲ್ಲಿರುವುದು. ನಿದ್ದೆಯ ಕಡತದ್ದು ಇಲ್ಲ. ಯಾಕೆ ಇಲ್ಲ? ವಿಚಾರಣೆಯಲ್ಲಿ ಸಿಸ್ಟರ್ ಕೂಡ ಅದನ್ನೇ ಕೇಳುತ್ತಾರೆ, ಉತ್ತರ ಇಟ್ಟುಕೊಳ್ಳಿ. ಯಾಕೆ ಇಲ್ಲ, ಮಿಸ್ಟರ್ ನುಫಾಬ್ಲೆ?

ಹಾಳೆಯಲ್ಲಿ 'ಪೂರ್ತಿ ಆರಿಸಲಾಗಿದೆ' ಅಂತ ಇತ್ತು. ಆರಿಸಿದ ಯಂತ್ರಕ್ಕೆ ನಿದ್ದೆಯ ಕಡತ ಇರುವುದಿಲ್ಲ. ಕೆಳಗೆ ನನ್ನ ಹೆಸರಿತ್ತು. ಅಷ್ಟೇ ತಾನೇ?

ಅಷ್ಟೇ.

ಶುಕ್ರವಾರ ನನಗೆ ಅದನ್ನು ಆರಿಸಲು ಬರಲಿಲ್ಲ. ಕೇಳಿತೇ? ಬರಲಿಲ್ಲ. ಏಳು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ಆರಿಸಿಲ್ಲ. ಅವತ್ತೂ ಮಲಗಿಸಿಯೇ ಸಹಿ ಹಾಕಿದೆ. ನೀವು ಹಾಳೆ ಹಂಚಿದಾಗ ಫೀಸು ಕಟ್ಟಿಸಿಕೊಳ್ಳುವ ಆ ಹುಡುಗಿ, ನಿನ್ನೆ ಮೊನ್ನೆ ಬಂದವಳು, "ಹೇಗೆ ಸರ್, ತೋರ್ಸಿ" ಅಂತ ಕೈಯೆತ್ತಿದಳು. ನೀವು ಹೋಗಿ ತೋರಿಸಿದಿರಿ. ನಾನು ಕೈಯೆತ್ತಲಿಲ್ಲ. ಕಾನ್ವೆಂಟಿನಲ್ಲಿ ಒಮ್ಮೆ ಹೇಳಿಕೊಟ್ಟದ್ದನ್ನು ಎರಡನೇ ಸಲ ಕೇಳಿದರೆ ಮದರ್ ನಮ್ಮನ್ನು ಹೆಸರುಕಾಳಿನ ಮೇಲೆ ಮಂಡಿಯೂರಿಸುತ್ತಿದ್ದರು. ಬರೀ ಮಂಡಿ, ಒಣಗಿದ ಕಾಳು, ಜಪಮಾಲೆ ಪೂರ್ತಿ ಮುಗಿಯುವವರೆಗೆ. ನಾನು ಒಂದೇ ಸಲ ಊರಿದ್ದು. ಆಮೇಲೆ ಯಾರನ್ನೂ ಏನನ್ನೂ ಎರಡನೇ ಸಲ ಕೇಳಿಲ್ಲ. ಅರ್ಥವಾಗದಿದ್ದರೂ ಹೂಂ ಅಂದಿದ್ದೇನೆ. ಗಂಡನ ಆಪರೇಷನ್ನಿನ ಕಾಗದಕ್ಕೂ ಹಾಗೇ ಹೂಂ ಅಂದವಳು ನಾನು.

ನೀವು ಬಾಗಿಲಿಗೆ ಬಂದಾಗ ನನಗೆ ಎಷ್ಟು ಹೇಳಬೇಕು ಅನ್ನಿಸಿತ್ತು ಗೊತ್ತೇ. ಬನ್ನಿ, ನೋಡಿ, ನನಗೆ ಬರುತ್ತಿಲ್ಲ. ನಾಲ್ಕು ಮಾತು. ಬಾಯಿಗೆ ಬಂದದ್ದು ಸಹಿಯ ಮಾತು.

ನೀರು ಬೇಡ. ನಾನು ಚೆನ್ನಾಗಿದ್ದೇನೆ.

ಈಗ ಹೇಳಿ, ಈ ಕಾಗದವನ್ನು ಸಿಸ್ಟರ್ ಬೆನಿಗ್ನಾ ಅವರಿಗೆ ತೋರಿಸಿದ್ದೀರಾ?

ಇಲ್ಲವೇ?

ಸೋಮವಾರದಿಂದ ನಿಮ್ಮ ಜೇಬಿನಲ್ಲೇ ಇದೆಯೇ ಇದು? ಮಡಿಕೆ ನೋಡಿದರೆ ಗೊತ್ತಾಗುತ್ತದೆ, ಬೆವರಿಗೆ ನೆನೆದಿದೆ. ಸೋಮವಾರ, ಮಂಗಳವಾರ. ನಾನು ನಿಮ್ಮ ಮೇಲೆ ಬರೆದದ್ದು ಕಾಲೇಜಿಗೆಲ್ಲ ಗೊತ್ತಾಗಿತ್ತು. ಹುಡುಗಿಯರು ನಿಮ್ಮನ್ನು ನೋಡಿ ಮುಖ ತಿರುಗಿಸಿದರು. ಆ ಮೆರ್ಲಿ ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅತ್ತಳಂತೆ, ಏನ್ ಮಾಡ್ಬಿಟ್ರಿ ಸರ್ ಅಂತ. ಆಗಲೂ ತೆಗೆದು ತೋರಿಸಲಿಲ್ಲವೇ? ಯಾಕೆ?



ನಾನೇ ಹೇಳಲಿ ಅಂತಲೇ? ನಾನೇ ಹೇಳುತ್ತೇನೆ ಅಂತ ಕಾದಿರಾ, ಎರಡು ದಿನ?

ದಯವಿಟ್ಟು ಹಾಗೆ ಸುಮ್ಮನೆ ಕೂರಬೇಡಿ. ಕೂಗಾಡಿ. ಮೇಜು ಗುದ್ದಿ. ಹತ್ತೊಂಬತ್ತು ವರ್ಷದ ಕೆಲಸ, ಮೂವರು ಮಕ್ಕಳು, ಯಾವನಾದರೂ ಕೂಗಾಡುತ್ತಾನೆ. ನೀವು ಕೂಗಾಡಿದರೆ ನನಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಎದ್ದು ಬಾಗಿಲು ತೋರಿಸುತ್ತೇನೆ. ಇದಕ್ಕೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಒಂಬತ್ತೂ ನಲವತ್ತೈದು. ಸಿಸ್ಟರ್ ಅವರು ಪ್ರಾರ್ಥನೆ ಮುಗಿಸಿ ಚಾಪೆಲಿನಿಂದ ಬಂದಿರುತ್ತಾರೆ.

ದೂರು ವಾಪಸು ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಯಾಕೆ ಅಂತ ಕೇಳುತ್ತಾರೆ. ಆಗ ನಾನು ಏನು ಹೇಳಲಿ? ಸಹಿ ನನ್ನದು, ಕೆಲಸ ಮಾಡಿರಲಿಲ್ಲ. ಇಷ್ಟೇ ಹೇಳಬೇಕಾದದ್ದು. ಇಲ್ಲಿ ನಿಮ್ಮ ಮುಂದೆ ಹೇಳಿದೆನಲ್ಲ, ಅಲ್ಲಿಯೂ ಹೇಳಬಹುದು. ಅಲ್ಲಿ ಆ ಮೂವತ್ತೆಂಟರ ಪೈಕಿ ನಾಲ್ವರನ್ನು ಸಾಕ್ಷಿಗೆ ಕೂರಿಸಿದ್ದಾರೆ, ನಾನೇ ಕೂರಿಸಿ ಅಂದದ್ದು. ಅವರ ತಲೆಗೆ ನರ್ಸಿನ ಟೋಪಿ ತೊಡಿಸಿದ್ದು ನಾನು. ಸುಳ್ಳು ಸಹಿ ಹಾಕಿದ ನರ್ಸು ಕೊಲೆಗಾರ್ತಿಗೆ ಸಮ ಅಂತ ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುವವಳು ನಾನು.

ಹೋಗೋಣವೇ? ಇರಿ. ಕೂತುಕೊಳ್ಳಿ.

ಸೋಮವಾರ ಬೆಳಿಗ್ಗೆ ನೀವು ಬಂದಾಗ ನಾನು ಆ ಯಂತ್ರದಲ್ಲಿ ಏನೇನೋ ಒತ್ತುತ್ತಿದ್ದೆ. ಹೋದದ್ದು ಮತ್ತೆ ಬರುತ್ತದೇನೋ ಅಂತ. ನೀವು "ಸಾಕು ಮ್ಯಾಮ್, ಇನ್ನು ಮುಟ್ಬೇಡಿ" ಅಂದಿರಿ. ಅನ್ನಬಹುದು. ಅಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿ ಮೇಜಿನ ಆಚೆಗೆ ಇಟ್ಟಿರಿ. ಮಗುವಿನ ಕೈ ಎತ್ತಿ ಇಟ್ಟ ಹಾಗೆ. ಬಾಗಿಲಲ್ಲಿ ಹುಡುಗಿಯರು ನಿಂತಿದ್ದರು, ಅವರಲ್ಲಿ ಒಬ್ಬಳು ಪಕ್ಕದವಳನ್ನು ನೋಡಿದಳು.

ಉಳಿದದ್ದೆಲ್ಲ ನನ್ನದು. ಶುಕ್ರವಾರದ್ದು, ಏಳು ಐವತ್ತೆರಡರದ್ದು, ದೂರಿನದ್ದು. ಒಳಗೆ ಹೋಗಿ ಎಷ್ಟು ಹೇಳಲು ಆಗುತ್ತದೋ ಗೊತ್ತಿಲ್ಲ, ಆದರೆ ನನ್ನದು. ನನ್ನ ಕೈ ಹಿಡಿದದ್ದೊಂದು ನಿಮ್ಮದು. ಇದನ್ನು ಇಟ್ಟುಕೊಂಡು ನಾನು ಆ ಕೋಣೆಗೆ ಕಾಲಿಡಲಾರೆ.

ಆ ಕಾಗದ ಜೇಬಿಗೆ ಹಾಕಬೇಡಿ, ಮೇಜಿನ ಮೇಲೆ ಇರಲಿ. ಎದ್ದು ನಿಲ್ಲಿ. ಕಾಲರು ಸರಿಮಾಡಿಕೊಳ್ಳಿ.

ಈಗ ಕ್ಷಮೆ ಕೇಳಿ.